ಹದಿನಾಲ್ಕು ಪದಕ್ಕೂ ‘ಹಿಂದಿಕ್ಕು’ ಅಂತಲೇ ಬರೆದರೆ ಹೇಗೆ ಮಾಸ್ತರೇ?

ನಮಸ್ಕಾರ ಮಾಸ್ತರೇ. ಸಿಂಧನೂರಿನಿಂದ ನೀವು ಕಳಿಸಿದ ‘ಮುಂದೆ ಹೋಗಲು 14 ಇಂಗ್ಲಿಷ್ ಕ್ರಿಯಾಪದಗಳು’ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ವಿಷಯ ಮಾತ್ರ ಚೆನ್ನಾಗಿದೆ, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರಿಗೆ ಬೇಕಾದದ್ದೇ. ಅದಕ್ಕೇ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಗೀಚಿ ಕೈ ತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಎಡಗಡೆ ಓವರ್‌ಟೇಕ್, ಔಟ್‌ರನ್, ಔಟ್‌ಪೇಸ್, ಔಟ್‌ಸ್ಟ್ರಿಪ್, ಸರ್ಪಾಸ್, ಎಕ್ಸೀಡ್ ಅಂತ ಉದ್ದ ಪಟ್ಟಿ. ಬಲಗಡೆ ಎಲ್ಲದಕ್ಕೂ ‘ಹಿಂದಿಕ್ಕು’. ಓದಿದವನಿಗೆ ಸಿಕ್ಕಿದ್ದೇನು? ಒಂದು ಕಲಿತರೆ ಸಾಕು, ಉಳಿದ ಹದಿಮೂರು ಯಾಕೆ ಅಂತಾನೆ, ಅಲ್ವಾ?

ನಿಮ್ಮ ಏಳನೇ ಉದಾಹರಣೆ ನೋಡಿ. ಭಾರತದ ಆರ್ಥಿಕತೆ ಚೀನಾದ್ದನ್ನು ಓವರ್‌ಟೇಕ್ ಮಾಡಿದೆ ಅಂತ ಬರೆದಿದ್ದೀರಿ. ವ್ಯಾಕರಣ ಸರಿ, ಮಾತು ಸುಳ್ಳು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಜಿಡಿಪಿ ಬೆಳೆಯುವ ವೇಗ ಅವರಿಗಿಂತ ಜಾಸ್ತಿ, ನಿಜ. ಆದರೆ ಅವರ ಆರ್ಥಿಕತೆ ಈಗಲೂ ನಮ್ಮದರ ಹಲವು ಪಟ್ಟು ದೊಡ್ಡದು. ವೇಗದಲ್ಲಿ ಮುಂದೆ, ಜಾಗದಲ್ಲಿ ಹಿಂದೆ. ಇದಕ್ಕೆ ಇರುವುದೇ ಔಟ್‌ಪೇಸ್. ಓವರ್‌ಟೇಕ್ ಅನ್ನಬೇಕಾದರೆ ಹಿಂದಿದ್ದವನು ದಾಟಿ ಮುಂದೆ ಹೋಗಿ ಆಗಿರಬೇಕು. ಜನಸಂಖ್ಯೆಯಲ್ಲಿ ಹಾಗೇ ಆಯಿತು, ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ನಾವು ಚೀನಾವನ್ನು ದಾಟಿದೆವು, ಅಲ್ಲಿ ಈ ಪದ ಸರಿಯಾಗಿ ಕೂರುತ್ತದೆ. ಹುಡುಗರಿಗೆ ಹೇಳಲು ಚೀನಾವರೆಗೆ ಯಾಕೆ ಹೋಗಬೇಕು, ತೋರಣಗಲ್ಲು ರಸ್ತೆ ಸಾಕು: ಮುಂದೆ ಅದಿರು ಲಾರಿ ನಲವತ್ತರಲ್ಲಿ ಹೋಗುತ್ತಿದೆ, ಅರ್ಧ ಕಿಲೋಮೀಟರ್ ಹಿಂದಿನಿಂದ ಕಾರು ಎಂಬತ್ತರಲ್ಲಿ ಬರುತ್ತಿದೆ, ವೇಗ ಡಬಲ್ ಇದ್ದರೂ ಬಲಗಡೆಯಿಂದ ಲಾರಿಯ ಮೂತಿ ದಾಟುವ ತನಕ ಓವರ್‌ಟೇಕ್ ಆಗಲಿಲ್ಲ. ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಔಟ್‌ರನ್ ಕಥೆ ಬೇರೆ. ‘ಪೊಲೀಸರು ಕಳ್ಳನನ್ನು ಓಡಿ ಹಿಡಿದರು’ ಅನ್ನುವುದಕ್ಕೆ ಅದನ್ನು ಹಾಕಿದ್ದೀರಿ. ಹಿಡಿದದ್ದು ಆ ಪದದಲ್ಲಿ ಬರುವುದೇ ಇಲ್ಲ. ಬೆನ್ನಟ್ಟುವ ಪ್ರಸಂಗದಲ್ಲಿ ಅದು ಸಾಮಾನ್ಯವಾಗಿ ತಪ್ಪಿಸಿಕೊಂಡವನ ಪದ. ಕಳ್ಳ ಪೊಲೀಸರನ್ನು ಔಟ್‌ರನ್ ಮಾಡಿದ ಅಂದರೆ ಕೈಗೆ ಸಿಗಲಿಲ್ಲ ಅಂತ. ಪರೀಕ್ಷೆಯಲ್ಲಿ ನಿಮ್ಮ ವಾಕ್ಯ ಬರೆದ ಹುಡುಗನ ಅಂಕ ಹೋದರೆ ಬೈಗುಳ ನಮಗೇ.

ಸರ್ಪಾಸ್, ಎಕ್ಸೀಡ್ ಬಿಡಿಸಿ ಹೇಳಲು ಕನ್ನಡವೇ ಸಾಕಾಗಿತ್ತು. ಮೀರಿಸುವುದು ಬೇರೆ, ಮೀರುವುದು ಬೇರೆ. 2023ರ ನವೆಂಬರ್ 15ರಂದು ವಾಂಖೆಡೆಯಲ್ಲಿ ಕೊಹ್ಲಿ 50ನೇ ಏಕದಿನ ಶತಕ ಹೊಡೆದು ಸಚಿನ್‌ರ 49ನ್ನು ಮೀರಿಸಿದರು, ಅದು ಸರ್ಪಾಸ್. ತುಂಗಭದ್ರಾ ಡ್ಯಾಮಿನ ನೀರು 1,633 ಅಡಿ ಮೀರಬಾರದು, ಗಾಡಿ ವೇಗದ ಮಿತಿ ಮೀರಬಾರದು, ಇವು ಎಕ್ಸೀಡ್. ಎರಡೂ ಪದ ಕೆಲವು ಕಡೆ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ, ಆದರೆ ಲಿಮಿಟ್ ಅಂತ ಬಂದರೆ ಮೊದಲು ಎಕ್ಸೀಡ್ ನೆನಪಾಗಬೇಕು.

ಔಟ್‌ಸ್ಟ್ರಿಪ್‌ಗೆ ‘ಬಟ್ಟೆ ಕಳಚಿ ಓಡುವುದು’ ಅಂತ ವಿವರಣೆ ಕೊಟ್ಟಿದ್ದೀರಲ್ಲ, ಓದಿ ನಕ್ಕೆ, ಆದರೆ ತೆಗೆದುಬಿಡಿ. ಹಿಂದಿನ ಇಂಗ್ಲಿಷಿನಲ್ಲಿ ವೇಗವಾಗಿ ಸಾಗು ಅನ್ನುವ ಅರ್ಥದ ಸ್ಟ್ರಿಪ್ ಇತ್ತು, ಇದು ಆ ಕಡೆಯದು. ಈಗ ಹೆಚ್ಚು ಕಾಣುವುದು ಬೇಡಿಕೆಯ ಜೊತೆ: ಬೇಸಿಗೆಯಲ್ಲಿ ಕರೆಂಟಿನ ಬೇಡಿಕೆ ಪೂರೈಕೆಯನ್ನು ಔಟ್‌ಸ್ಟ್ರಿಪ್ ಮಾಡುತ್ತದೆ. ಓವರ್‌ಕಮ್, ಓವರ್‌ಪಾಸ್ ಈ ಪಟ್ಟಿಯಲ್ಲಿ ಬೇಡ. ಮೊದಲನೆಯದು ಕಷ್ಟವನ್ನು ಗೆಲ್ಲುವುದು, ಎರಡನೆಯದು ಈಗ ಮೇಲ್ಸೇತುವೆ.

ನಮ್ಮ ಹುಡುಗರು ನಿಜವಾಗಿ ಎಡವುವ ಜಾಗವನ್ನು ನೀವು ಮುಟ್ಟಿಯೇ ಇಲ್ಲ. ‘ಅವನಿಗಿಂತ ಮುಂದೆ ಹೋದ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ‘ಸರ್ಪಾಸ್ಡ್ ದ್ಯಾನ್ ಹಿಮ್’ ಅಂತ ಬರೆಯುತ್ತಾರೆ. ಆ ‘ದ್ಯಾನ್’ ಬೇಡವೇ ಬೇಡ. ‘ಅವನನ್ನು ಮೀರಿಸಿದ’ ಅಂತ ಯೋಚಿಸಿದರೆ ಬರುವುದು ಬರೀ ‘ಸರ್ಪಾಸ್ಡ್ ಹಿಮ್’. ಈ ಪಟ್ಟಿಯ ಎಲ್ಲ ಪದಕ್ಕೂ ಇದೇ ಲೆಕ್ಕ. ನಿಮ್ಮ ಲೇಖನದಲ್ಲೂ ಎರಡು ಕಡೆ ಆ ‘ದ್ಯಾನ್’ ನುಸುಳಿದೆ, ಕೆಂಪು ಗೆರೆ ಎಳೆದಿದ್ದೇನೆ. ಹಾಗೇ ಓವರ್‌ಟೇಕ್‌ಗೆ ಭೂತಕಾಲ ಓವರ್‌ಟುಕ್, ಔಟ್‌ರನ್‌ಗೆ ಔಟ್‌ರ್ಯಾನ್. ‘ಓವರ್‌ಟೇಕ್ಡ್’ ಅಂತ ಯಾವ ಡಿಕ್ಷನರಿಯಲ್ಲೂ ಇಲ್ಲ.

ಹದಿನಾಲ್ಕು ಬೇಡ, ಆರು ಪದ ಸಾಕು. ಒಂದೊಂದಕ್ಕೂ ಸಿಂಧನೂರು, ರಾಯಚೂರು ಕಡೆಯ ಎರಡು ವಾಕ್ಯ ಕೊಡಿ, ಭತ್ತದ ಟ್ರ್ಯಾಕ್ಟರ್ ಇರಲಿ, ಬಸ್ಸು ಇರಲಿ. ‘ಯಶಸ್ಸಿನ ಓಟದಲ್ಲಿ’ ಅಂತ ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ಗೌರವಧನ ಕೇಳಿದ್ದಿರಿ. ಅಚ್ಚಾದ ಮೇಲೆ ಕೊಡುತ್ತೇವೆ, ಜಾಸ್ತಿ ಏನಿಲ್ಲ.