ತಲೆಬರಹ ನಮ್ಮದೇ ತಪ್ಪು, ಮೇಷ್ಟ್ರೇ

(ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರು, ನಿವೃತ್ತ ಗಣಿತದ ಮೇಷ್ಟ್ರು, ಇನ್‌ಲ್ಯಾಂಡ್ ಲೆಟರಿನ ಮಡಿಕೆಗಳಲ್ಲೂ ಜಾಗ ಬಿಡದೆ ಬರೆದಿದ್ದಾರೆ. ಅದರ ಸಾರ ಇಷ್ಟು: “ಹೋದ ಸಂಚಿಕೆಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಲೇಖನಕ್ಕೆ ‘ಬಿಗ್ ಬ್ಯಾಂಗ್ ಬುಡಮೇಲು!’ ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಲೇಖನ ಓದಿದರೆ ಒಳಗೆ ಎಲ್ಲೂ ಹಾಗಿಲ್ಲ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ಅದನ್ನೇ ಹಿಡಿದುಕೊಂಡು ದಿನಾ ನನ್ನ ಜೊತೆ ವಾದಕ್ಕೆ ಕೂರುತ್ತಾಳೆ. ಆ ಫೋಟೊಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿಯುತ್ತಾರಂತೆ, ನಿಜವೇ? ಬೆಳಕನ್ನೇ ನುಂಗುವ ಕಪ್ಪುಕುಳಿ ದೂರದರ್ಶಕಕ್ಕೆ ಕಾಣುವುದು ಹೇಗೆ? ನಮ್ಮೂರಿನ ಬೋರಿನಲ್ಲಿ ನೀರು ಸಿಕ್ಕಿಲ್ಲ, ನಿಮಗೆ ಎಲ್ಲೋ ದೂರದ ಗೆಲಾಕ್ಸಿಯಲ್ಲಿ ಆಕ್ಸಿಜನ್ ಸಿಕ್ಕಿತಂತೆ, ಸಂತೋಷ.”)

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟವನು ನಾನೇ. ಲೇಖಕರು ಕೊಟ್ಟಿದ್ದು ಸಪ್ಪೆ ಅನಿಸಿತು, ಪುಟ ಪ್ರೆಸ್ಸಿಗೆ ಹೋಗುವ ರಾತ್ರಿ ಬದಲಾಯಿಸಿದೆ, ಬೆಳಿಗ್ಗೆ ಅಚ್ಚಾದ ಪ್ರತಿ ಕೈಗೆ ಬಂದಾಗಲೇ ಒಳಗೊಳಗೆ ಕಸಿವಿಸಿ ಆಯಿತು, ಆದರೂ ಯಾರು ಕೇಳುತ್ತಾರೆ ಅಂತ ಸುಮ್ನೆ ಕೂತೆ. ನೀವು ಕೇಳಿದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ನಮ್ಮ ಕಥೆ.

ನಡೆದದ್ದು ಹೀಗೆ. ಜೇಮ್ಸ್ ವೆಬ್ ದೂರದರ್ಶಕ 2021ರ ಡಿಸೆಂಬರ್ 25ರಂದು ಹಾರಿತು. ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಇದೆ. 2022ರ ಜುಲೈನಲ್ಲಿ ಅದರ ಮೊದಲ ಚಿತ್ರಗಳು ಹೊರಬಂದವು. 2023ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು: ವಿಶ್ವ ಹುಟ್ಟಿ 50ರಿಂದ 70 ಕೋಟಿ ವರ್ಷ ಆಗಿದ್ದಾಗಲೇ ಆರು ಭಾರೀ ಗೆಲಾಕ್ಸಿಗಳು ಇದ್ದ ಹಾಗೆ ಕಾಣುತ್ತಿದೆ, ಅದರಲ್ಲಿ ಒಂದಂತೂ ನಮ್ಮ ಕ್ಷೀರಪಥದ ಹತ್ತಿರಕ್ಕೆ ಬರುವಷ್ಟು ತೂಕದ್ದಿರಬಹುದು ಅಂತ. ವಿಶ್ವದ ವಯಸ್ಸು 1380 ಕೋಟಿ ವರ್ಷ. ಅಂದರೆ ಇದು ಅಂಗನವಾಡಿಗೆ ಬಂದ ಹುಡುಗನಿಗೆ ಮೀಸೆ ಇದ್ದ ಹಾಗೆ. ಆಗ ಎರಡು ಅನುಮಾನ ಬರುತ್ತವೆ. ಹುಡುಗನ ವಯಸ್ಸು ಬರೆದವರು ತಪ್ಪು ಬರೆದಿರಬೇಕು, ಇಲ್ಲಾ ಅದು ಮೀಸೆಯಲ್ಲ, ಮಸಿ.

ಬಹುಪಾಲು ಮಸಿ ಎಂದೇ ಆಯಿತು. ಆ ಆರರಲ್ಲಿ ಒಂದರ ಬೆಳಕನ್ನು ಬಿಡಿಸಿ ರೋಹಿತ ನೋಡಿದಾಗ ಅದು ಅಂದುಕೊಂಡಷ್ಟು ದೂರದಲ್ಲೇ ಇರಲಿಲ್ಲ, ಅಲ್ಲಿ ಒಂದು ಕಪ್ಪುಕುಳಿ ಉರಿಯುತ್ತಿತ್ತು. ಬೇರೆ ಕೆಲವು ಗೆಲಾಕ್ಸಿಗಳಲ್ಲೂ ಹೀಗೇ. ಕಪ್ಪುಕುಳಿಯ ಸುತ್ತಲಿನ ಅನಿಲದ ಹೊಳಪನ್ನು ನಕ್ಷತ್ರಗಳ ಹೊಳಪು ಅಂತ ಲೆಕ್ಕ ಹಾಕಿದರೆ ತೂಕ ಸುಮ್ಮಸುಮ್ಮನೆ ಜಾಸ್ತಿ ಬರುತ್ತದೆ. ಹಾಗಂತ ಪೂರ್ತಿ ಮಸಿಯೂ ಅಲ್ಲ. ನಿರೀಕ್ಷೆಗಿಂತ ಹೆಚ್ಚು ಬೆಳಗುವ ಗೆಲಾಕ್ಸಿಗಳು ಆ ಕಾಲದಲ್ಲಿ ಇದ್ದದ್ದು ನಿಜ. 2024ರಲ್ಲಿ ಸುದ್ದಿಯಾದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿ ವಿಶ್ವಕ್ಕೆ 29 ಕೋಟಿ ವರ್ಷ ಆಗಿದ್ದಾಗಿನದು. 2025ರಲ್ಲಿ ಅದಕ್ಕಿಂತ ಸ್ವಲ್ಪ ಹಳೆಯದು, 28 ಕೋಟಿ ವರ್ಷದ ಕಾಲದ್ದು ಸಿಕ್ಕಿತು. ಆಗ ಅನಿಲ ನಕ್ಷತ್ರವಾಗುವ ಕೆಲಸ ಈಗಿಗಿಂತ ಚುರುಕಾಗಿ ನಡೆಯುತ್ತಿತ್ತು ಅನ್ನುವವರು ಇದ್ದಾರೆ. ಬುಡಮೇಲಾಗಿದ್ದು ಗೆಲಾಕ್ಸಿ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ನಮ್ಮ ಅಂದಾಜು. ಬಿಗ್ ಬ್ಯಾಂಗ್ ಕೂತಲ್ಲೇ ಕೂತಿದೆ. ಮೊಮ್ಮಗಳ ಜೊತೆಗಿನ ವಾದದಲ್ಲಿ ನೀವು ಗೆದ್ದಿರಿ, ಆದರೆ ಪೂರ್ತಿ ಅಲ್ಲ!

ನೀವು ಹೇಳಿದ ಆಕ್ಸಿಜನ್ ಇದೇ ಝಡ್14ರದ್ದು. ಅದನ್ನು ಹಿಡಿದದ್ದು ಚಿಲಿ ದೇಶದ ಮರುಭೂಮಿಯಲ್ಲಿರುವ ಆಲ್ಮಾ ಎಂಬ ನೆಲದ ಮೇಲಿನ ದೂರದರ್ಶಕ. ಆಕ್ಸಿಜನ್ ನಕ್ಷತ್ರದ ಹೊಟ್ಟೆಯಲ್ಲಿ ತಯಾರಾಗುವುದು. ಅಂದರೆ ಅಷ್ಟು ಹೊತ್ತಿಗಾಗಲೇ ಅಲ್ಲಿ ಒಂದು ತಲೆಮಾರಿನ ನಕ್ಷತ್ರಗಳು ಬಾಳಿ ಸತ್ತಿದ್ದವು. ಬೋರಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬಣ್ಣ ಬಳಿಯುತ್ತಾರೆ ಅನ್ನುವುದು ಅರ್ಧ ನಿಜ. ಆ ಗೆಲಾಕ್ಸಿಯಿಂದ ಬೆಳಕು ಹೊರಟಾಗ ಅದು ಅತಿನೇರಳೆ. ದಾರಿಯುದ್ದಕ್ಕೂ ವಿಶ್ವವೇ ಹಿಗ್ಗಿದ್ದರಿಂದ ಬೆಳಕಿನ ಅಲೆಯೂ 15 ಪಟ್ಟು ಉದ್ದವಾಗಿ, ಇಲ್ಲಿಗೆ ಬರುವಾಗ ಕಣ್ಣಿಗೆ ಕಾಣದ ಅವಕೆಂಪು ಆಗಿರುತ್ತದೆ. ವೆಬ್ ಹಿಡಿಯುವುದು ಅದನ್ನೇ. ಹಾಗೇ ಅಚ್ಚು ಹಾಕಿದರೆ ನಮ್ಮ ಪುಟ ಕಪ್ಪಗಿರುತ್ತಿತ್ತು. ಅದಕ್ಕೇ ಉದ್ದದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಅಂತ ಕ್ರಮವಾಗಿ ಬಣ್ಣ ಕೊಡುತ್ತಾರೆ. ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ಕರಿ ಒಂದರ ಹಾಡನ್ನು ಬಿಳಿ ನಾಲ್ಕಕ್ಕೆ ಎತ್ತಿಕೊಳ್ಳುತ್ತಿದ್ದರಲ್ಲ, ಹಾಗೆ. ಶ್ರುತಿ ಬದಲಾಯಿತು, ಹಾಡು ಅದೇ.

ಈಗ ಕಪ್ಪುಕುಳಿ. ನನಗೆ ಇಷ್ಟದ ಭಾಗ ಇದು, ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಗಿರಣಿಯಿಂದ ತಂದ ಜೋಳದ ಹಿಟ್ಟಿಗೆ ಕೈಯಿಟ್ಟರೆ ಬಿಸಿ ಇರುತ್ತದೆ, ಅಲ್ವಾ? ಕಲ್ಲಿನ ನಡುವೆ ಉಜ್ಜಿ ಉಜ್ಜಿ ಬಂದ ಬಿಸಿ ಅದು. ಕಪ್ಪುಕುಳಿಗೆ ಬೀಳುವ ಅನಿಲವೂ ಸೀದಾ ಬೀಳುವುದಿಲ್ಲ, ಸುತ್ತ ತಿರುಗುತ್ತಾ ತನ್ನನ್ನು ತಾನೇ ಉಜ್ಜಿಕೊಂಡು ಲಕ್ಷಾಂತರ ಡಿಗ್ರಿ ಕಾಯುತ್ತದೆ, ಎಕ್ಸ್-ರೇ ಚೆಲ್ಲುತ್ತದೆ. ಕುಳಿ ಕಾಣುವುದಿಲ್ಲ, ಬಾಯಿಗೆ ಹೋಗುತ್ತಿರುವ ತುತ್ತು ಕಾಣುತ್ತದೆ. ಈ ಎಕ್ಸ್-ರೇ ಹಿಡಿಯುವುದಕ್ಕೆ 1999ರಿಂದ ಒಂದು ದೂರದರ್ಶಕ ಮೇಲಿದೆ, ಹೆಸರು ಚಂದ್ರಾ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಇಟ್ಟದ್ದು. (ಅಂದಹಾಗೆ, ಲೇಖನದ ಪಕ್ಕ ನಾವು ಹಾಕಿದ್ದ ಕಿತ್ತಳೆ ಬಣ್ಣದ ಉಂಗುರದ ಚಿತ್ರ ವೆಬ್ ತೆಗೆದದ್ದಲ್ಲ. ಅದು 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಎಂ87 ಕಪ್ಪುಕುಳಿಯ ಚಿತ್ರ, ಬೇರೆ ಬೇರೆ ಖಂಡಗಳ ರೇಡಿಯೊ ದೂರದರ್ಶಕಗಳು ಸೇರಿ ನೆಲದಿಂದ ತೆಗೆದದ್ದು. ಇದನ್ನು ನೀವು ಹಿಡಿಯಲಿಲ್ಲ, ನಾನೇ ಹೇಳಿಬಿಟ್ಟೆ.)

2023ರಲ್ಲಿ ಚಂದ್ರಾ ಮತ್ತು ವೆಬ್ ಒಂದೇ ಕಡೆ ನೋಡಿದವು. ಏಬಲ್ 2744 ಅಂತ ಒಂದು ಗೆಲಾಕ್ಸಿಗಳ ಹಿಂಡು ಇದೆ. ಅದರ ತೂಕಕ್ಕೆ ಹಿಂದಿನಿಂದ ಬರುವ ಬೆಳಕು ಬಾಗಿ, ಭೂತಕನ್ನಡಿ ಹಿಡಿದ ಹಾಗೆ ಹಿಂದಿನದು ದೊಡ್ಡದಾಗಿ ಕಾಣುತ್ತದೆ. ಅದರ ಹಿಂದೆ ಯುಎಚ್‌ಝಡ್1 ಎಂಬ ಗೆಲಾಕ್ಸಿ. ವಿಶ್ವಕ್ಕೆ ಆಗ 47 ಕೋಟಿ ವರ್ಷ. ಚಂದ್ರಾ ಸುಮಾರು ಎರಡು ವಾರದಷ್ಟು ಹೊತ್ತು ಕಣ್ಣು ನೆಟ್ಟು ನೋಡಿದಾಗ ಅಲ್ಲಿಂದ ಎಕ್ಸ್-ರೇ ಬಂತು. ಕಪ್ಪುಕುಳಿ ಇದೆ, ಅದೂ ಒಂದರಿಂದ ಹತ್ತು ಕೋಟಿ ಸೂರ್ಯರ ತೂಕದ್ದು.

ತೂಕ ದೊಡ್ಡದು ಅನ್ನುವುದಲ್ಲ ಆಶ್ಚರ್ಯ. ನಮ್ಮ ಆಸುಪಾಸಿನ ಗೆಲಾಕ್ಸಿಗಳಲ್ಲಿ ನಡುವಿನ ಕಪ್ಪುಕುಳಿ ನಕ್ಷತ್ರಗಳ ಒಟ್ಟು ತೂಕದ ಸಾವಿರದಲ್ಲೊಂದು ಪಾಲು ಇರುತ್ತದೆ. ನಿಮ್ಮ ಚಳ್ಳಕೆರೆ ಮಂಡಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕ್ವಿಂಟಲ್ ಶೇಂಗಾದಲ್ಲಿ ನೂರು ಗ್ರಾಂ ಕಲ್ಲು. ಯುಎಚ್‌ಝಡ್1ರಲ್ಲಿ ಹೆಚ್ಚುಕಡಿಮೆ ಎಷ್ಟು ಶೇಂಗಾವೋ ಅಷ್ಟೇ ಕಲ್ಲು! ಸತ್ತ ನಕ್ಷತ್ರವೊಂದು ಸಣ್ಣ ಕಪ್ಪುಕುಳಿಯಾಗಿ, ತಿಂದು ತಿಂದು ಬೆಳೆಯಿತು ಅನ್ನುವುದಕ್ಕೆ ಅಲ್ಲಿ ಸಮಯವೇ ಸಾಲುವುದಿಲ್ಲ. ಹಾಗಾದರೆ ಹುಟ್ಟುವಾಗಲೇ ದಪ್ಪ ಇತ್ತೇ? ದೊಡ್ಡ ಅನಿಲದ ಮೋಡ ನಕ್ಷತ್ರವಾಗುವ ಗೋಜಿಗೇ ಹೋಗದೆ ನೇರ ಕುಸಿದು ಹತ್ತು ಸಾವಿರದಿಂದ ಒಂದು ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಆಗಬಹುದು ಅಂತ ಖಗೋಳ ವಿಜ್ಞಾನಿ ಪ್ರಿಯಂವದಾ ನಟರಾಜನ್ ಮತ್ತು ಜೊತೆಯವರು ವರ್ಷಗಳಿಂದ ಹೇಳುತ್ತಿದ್ದರು. ವೆಬ್ ಹಾರುವ ಮೊದಲೇ, 2017ರಲ್ಲಿ, ಅಂಥದ್ದು ಸಿಕ್ಕರೆ ಹೇಗೆ ಕಾಣಬೇಕು ಅಂತಲೂ ಬರೆದಿಟ್ಟಿದ್ದರು. ಯುಎಚ್‌ಝಡ್1 ಹಾಗೇ ಕಂಡಿತು. ವಾದ ಇನ್ನೂ ಮುಗಿದಿಲ್ಲ, ಆದರೆ ನಾನು ದಪ್ಪ ಕೂಸಿನ ಪಕ್ಷ.

ಅದೇ ಭೂತಕನ್ನಡಿಯ ಹಿಂದೆ 2025ರಲ್ಲಿ ಇನ್ನೊಂದು ಗೆಲಾಕ್ಸಿ ಸಿಕ್ಕಿತು, ಹುಡುಕಿದವರು ಪುಣೆಯ ರೇಡಿಯೊ ಖಗೋಳ ಸಂಶೋಧನಾ ಕೇಂದ್ರ ಎನ್‌ಸಿಆರ್‌ಎಯ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್. ಎರಡು ಚಂದದ ಸುರುಳಿ ತೋಳುಗಳ ಗೆಲಾಕ್ಸಿ. ವಿಶ್ವಕ್ಕೆ 150 ಕೋಟಿ ವರ್ಷ ಆಗಿದ್ದಾಗಿನದು. ಅಷ್ಟು ಬೇಗ ಇಷ್ಟು ಓರಣ ಇರಬಾರದಿತ್ತು. ಹೆಸರು ಅಲಕನಂದಾ ಅಂತ ಇಟ್ಟರು. ಹಿಂದಿಯಲ್ಲಿ ಕ್ಷೀರಪಥಕ್ಕೆ ಮಂದಾಕಿನಿ ಅನ್ನುತ್ತಾರಲ್ಲ, ಅಲಕನಂದಾ ಆ ಹೆಸರಿನ ಹಿಮಾಲಯದ ನದಿಯ ಜೊತೆಗಾತಿ. ಅಕ್ಷರ, ಅಂಕಿ, ಸೊನ್ನೆಗಳ ನಡುವೆ ಇಂಥದ್ದೊಂದು ಹೆಸರು ಬಂದರೆ ಪ್ರೂಫ್ ನೋಡುವವನಿಗೂ ಖುಷಿ.

ತಿದ್ದುಪಡಿ ಇದೇ ಸಂಚಿಕೆಯ ನಾಲ್ಕನೇ ಪುಟದಲ್ಲಿದೆ. ಮೊಮ್ಮಗಳಿಗೆ ತೋರಿಸಿ.

ಅವಳಿಗೆ ಇನ್ನೊಂದೂ ತೋರಿಸಬಹುದು. ಗಾಯಾ ಎಂಬ ದೂರದರ್ಶಕ ನಕ್ಷತ್ರಗಳ ಜಾಗವನ್ನು ವರ್ಷಗಟ್ಟಲೆ ಅಳೆಯುತ್ತಿದ್ದಾಗ ಗರುಡ ನಕ್ಷತ್ರಪುಂಜದ ಒಂದು ನಕ್ಷತ್ರ ಏನೂ ಇಲ್ಲದ ಜಾಗದ ಸುತ್ತ ಓಲಾಡುವುದು ಗೊತ್ತಾಯಿತು. ಒಂದು ಸುತ್ತಿಗೆ 11.6 ವರ್ಷ. ಲೆಕ್ಕ ಹಾಕಿದರೆ ಅಲ್ಲಿ 33 ಸೂರ್ಯರ ತೂಕದ ಕಪ್ಪುಕುಳಿ ಇದೆ, ಎಕ್ಸ್-ರೇ ಇಲ್ಲ, ತುತ್ತಿಲ್ಲ, ತಣ್ಣಗೆ ಕೂತಿದೆ. 2024ರ ಏಪ್ರಿಲ್‌ನಲ್ಲಿ ಸುದ್ದಿ ಬಂತು, ಹೆಸರು ಗಾಯಾ ಬಿಎಚ್3, ದೂರ ಸುಮಾರು ಎರಡು ಸಾವಿರ ಜ್ಯೋತಿರ್ವರ್ಷ. ಅದು ಇರುವುದು ಆಕಾಶದ ಉತ್ತರ 15 ಡಿಗ್ರಿಯಲ್ಲಿ, ನಿಮ್ಮ ಊರಿನ ಅಕ್ಷಾಂಶ 14 ಚಿಲ್ಲರೆ. ಅಂದರೆ ದಿನಕ್ಕೊಂದು ಸಲ ಹೆಚ್ಚುಕಡಿಮೆ ನಿಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ದಾವಣಗೆರೆಯ ಬೀದಿದೀಪಗಳ ಕೆಳಗೆ ನಮಗೆ ಕಷ್ಟ, ನಿಮ್ಮಲ್ಲಿ ಕತ್ತಲೆ ಚೆನ್ನಾಗಿದೆ. ಅಕ್ಟೋಬರ್ ಮೊದಲ ವಾರ ಸಂಜೆ ಏಳು ಗಂಟೆ ದಾಟುತ್ತಿದ್ದ ಹಾಗೆ ಮಾಳಿಗೆಯ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ಹತ್ತಿರದಲ್ಲಿ ಶ್ರವಣ ನಕ್ಷತ್ರ ಹೊಳೆಯುತ್ತಿರುತ್ತದೆ, ಅದೇ ಗುರುತು. ಕಪ್ಪುಕುಳಿಯಿರಲಿ, ಅದರ ಸುತ್ತುವ ನಕ್ಷತ್ರವೂ ಬರಿಗಣ್ಣಿಗೆ ಕಾಣುವುದಿಲ್ಲ, ಜಾಗ ಮಾತ್ರ ತೋರಿಸಬಹುದು. ಮೋಡ ಇದ್ದರೆ ಮಾರನೇ ದಿನ ನೋಡಿ, ನಾಲ್ಕು ನಿಮಿಷ ಮುಂಚೆ ಬರುತ್ತದೆ. ಯಾಕೆ ಅಂತ ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ.

– ಸಂಪಾದಕ