ಮಾಸಾಯಿ ಮಾರಾಗೆ ಹೊರಡುವ ಮುನ್ನ: ಲೆನ್ಸ್ ಬಿಟ್ಟು ಉಳಿದದ್ದು

ನಿಮ್ಮ ಪ್ರಶ್ನೆ ಇಷ್ಟು: ಆಗಸ್ಟ್‌ನಲ್ಲಿ ಆರು ಜನ ಕೀನ್ಯಾದ ಮಾಸಾಯಿ ಮಾರಾ ವನ್ಯಧಾಮಕ್ಕೆ ಹೊರಟಿದ್ದೀರಿ, ಇಬ್ಬರಿಗೆ ಅರವತ್ತು ದಾಟಿದೆ, ಮೂವರು ಸಸ್ಯಾಹಾರಿಗಳು, ಕ್ಯಾಮೆರಾ ಸಾಮಾನು ಸಿದ್ಧವಿದೆ, ಇನ್ನೇನು ನೋಡಿಕೊಳ್ಳಬೇಕು ಅಂತ. ಥ್ರೆಡ್‌ನಲ್ಲಿ ಇಲ್ಲಿಯವರೆಗೂ ಲೆನ್ಸಿನ ಚರ್ಚೆಯೇ ನಡೆದಿದೆ. ಕಬಿನಿ, ಬಂಡೀಪುರದಲ್ಲಿ ಪಳಗಿದವರು ಅಲ್ಲಿ ಎಡವುವುದು ಲೆನ್ಸಿನ ವಿಷಯದಲ್ಲಲ್ಲ. ಇಲ್ಲಿಯ ರೂಢಿಯನ್ನೇ ಅಲ್ಲಿಗೂ ಹೊತ್ತೊಯ್ದಾಗ.

ಮೊದಲು ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆ. ಇದನ್ನು ಕೀನ್ಯಾದವರು ಕೇಳುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಭಾರತದಿಂದ ನೇರ ಹೋದವರನ್ನು ಅವರು ಕೇಳುವುದಿಲ್ಲ, ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಲಸಿಕೆ ಹಾಕಿಸಿದ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡ್ ಸಿಂಧು, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿ ಸ್ಲಾಟ್ ಸಿಗುವುದೇ ತಡ, ಹಾಗಾಗಿ ಒಂದೂವರೆ ತಿಂಗಳು ಮೊದಲೇ ಓಡಾಡಿ. ನಿಮ್ಮ ಹಿರಿಯರಿಬ್ಬರು ಮೊದಲು ತಮ್ಮ ವೈದ್ಯರನ್ನು ಕಾಣಲಿ: ಇದು ಜೀವಂತ ವೈರಸ್ಸಿನ ಲಸಿಕೆ, ಅರವತ್ತು ದಾಟಿದವರಲ್ಲಿ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ಮೊಟ್ಟೆಯ ತೀವ್ರ ಅಲರ್ಜಿ ಇದ್ದವರೂ ಹೇಳಲೇಬೇಕು. ಟಿಕೆಟ್ ಬುಕ್ ಮಾಡುವ ಮುಂಚೆಯೇ ಇದು ತೀರ್ಮಾನವಾಗಬೇಕು.

ಅದೇ ಭೇಟಿಯಲ್ಲಿ ಮಲೇರಿಯಾ ಮಾತ್ರೆಯ ಮಾತೂ ಮುಗಿಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ವಾಪಸ್ ಬಂದ ಮೇಲೂ 4 ವಾರ ನುಂಗಬೇಕು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ದುಬಾರಿ, ವಾಪಸ್ಸಾದ ಮೇಲೆ 7 ದಿನಕ್ಕೆ ಮುಗಿಯುತ್ತದೆ. ವಾಪಸ್ ಬಂದ ಮೇಲೆ ನಿಲ್ಲಿಸಿಬಿಡುವುದೇ ಎಲ್ಲರೂ ಮಾಡುವ ತಪ್ಪು.

ವೀಸಾ ಜಾಗದಲ್ಲಿ 2024ರ ಜನವರಿಯಿಂದ ಇಟಿಎ (ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಬಂದಿದೆ. ಮಕ್ಕಳಿಗೂ ಬೇಕು. ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ, ಅದರಂತೆಯೇ ಕಾಣುವ ದಲ್ಲಾಳಿ ತಾಣಗಳು ಸುಮ್ಮನೆ ಹೆಚ್ಚು ದುಡ್ಡು ಕೀಳುತ್ತವೆ.

ಬಟ್ಟೆ ವಿಷಯ. ನಿಮ್ಮ ಪಟ್ಟಿಯಲ್ಲಿ ಕ್ಯಾಮೊಫ್ಲಾಜ್ ಜಾಕೆಟ್, ಟೋಪಿ ಇವೆ. ದಯವಿಟ್ಟು ಮನೆಯಲ್ಲೇ ಬಿಡಿ. ಅನುಮತಿ ಇಲ್ಲದೆ ಸೇನಾ ಸಮವಸ್ತ್ರ ತೊಡುವುದು ಅಲ್ಲಿ ಅಪರಾಧ, ಅದನ್ನು ಹೋಲುವ ಬಟ್ಟೆ ಹಾಕಿಕೊಂಡು ಪೊಲೀಸರ ಪ್ರಶ್ನೆಗೆ ಉತ್ತರ ಕೊಡುತ್ತಾ ನಿಲ್ಲುವುದು ಯಾಕೆ? ಕಡು ನೀಲಿ, ಕಪ್ಪು ಕೂಡ ಬೇಡ, ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಬಂದು ಮುತ್ತುತ್ತದೆ, ತೆಳು ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ. ಖಾಕಿ, ಮಣ್ಣಿನ ಬಣ್ಣ ಸಾಕು. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಹೋಗಬೇಡಿ: ಮಾರಾ ಸುಮಾರು 1500 ಮೀಟರ್‌ಗಿಂತ ಎತ್ತರದಲ್ಲಿದೆ, ಆಗಸ್ಟ್ ಬೆಳಗ್ಗೆ ತೆರೆದ ಜೀಪಿನಲ್ಲಿ 12 ಡಿಗ್ರಿ ಚಳಿ ಗಾಳಿ ಹೊಡೆಯುತ್ತದೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಮಂಕಿ ಕ್ಯಾಪ್. ನಗಬೇಡಿ, ಬೆರಳು ಮರಗಟ್ಟಿದರೆ ಶಟರ್ ಒತ್ತಲಾಗುವುದಿಲ್ಲ.

ಪ್ಲಾಸ್ಟಿಕ್ ಕವರ್ ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ನಿಷಿದ್ಧ, ದಂಡ ದೊಡ್ಡದು. 2020ರ ಜೂನ್‌ನಿಂದ ಸಂರಕ್ಷಿತ ಪ್ರದೇಶಗಳಿಗೆ ಒಂದೇ ಸಲ ಬಳಸುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ನಮ್ಮವರ ಸೂಟ್‌ಕೇಸ್ ಬಿಚ್ಚಿದರೆ ಚಪ್ಪಲಿಗೊಂದು ಕವರ್, ಒದ್ದೆ ಬಟ್ಟೆಗೊಂದು, ಚಟ್ನಿಪುಡಿ ಡಬ್ಬಿಗೆ ಎರಡು! ಬಟ್ಟೆ ಚೀಲಕ್ಕೆ ಬದಲಿಸಿ. ಡ್ಯೂಟಿ ಫ್ರೀ ಕವರನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ. ತಲೆಗೊಂದು ಸ್ಟೀಲ್ ಬಾಟಲಿ ಇರಲಿ.

ತೂಕ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಕೈಚೀಲವೂ ಸೇರಿ 15 ಕೆಜಿ, ಅದೂ ಮೆತ್ತನೆಯ ಬ್ಯಾಗ್. ಗಟ್ಟಿ ಟ್ರಾಲಿಯನ್ನು ಆ ವಿಮಾನದ ಹೊಟ್ಟೆಯೊಳಗೆ ತುರುಕಲಾಗದು. 600 ಎಂಎಂ ಲೆನ್ಸ್, ಎರಡು ಕ್ಯಾಮೆರಾ ಬಾಡಿ, ಚಾರ್ಜರ್ ಸೇರಿದರೆ ಬಟ್ಟೆಗೆ ಏಳು ಕೆಜಿಯೂ ಉಳಿಯುವುದಿಲ್ಲ. ಹೆಚ್ಚುವರಿ ತೂಕಕ್ಕೆ ಮೊದಲೇ ದುಡ್ಡು ಕಟ್ಟಿ, ಇಲ್ಲವೇ ನಾರೋಕ್ ಪಟ್ಟಣದ ಮೇಲೆ ಹೋಗುವ ರಸ್ತೆ ಹಿಡಿಯಿರಿ, ಐದಾರು ಗಂಟೆ. ಟ್ರೈಪಾಡ್ ಜೀಪಿನಲ್ಲಿ ನಿಲ್ಲುವುದಿಲ್ಲ, ಬೇಡ. ಬೀನ್‌ಬ್ಯಾಗಿನ (ಲೆನ್ಸ್ ಊರಲು ಕೆಳಗಿಡುವ ದಿಂಬಿನಂಥದ್ದು) ಖಾಲಿ ಚೀಲ ಒಯ್ದು, ಲಾಡ್ಜ್‌ನವರಿಗೆ ಮೊದಲೇ ತಿಳಿಸಿ ಅಲ್ಲಿಯ ಅಕ್ಕಿಯನ್ನೋ ಹುರುಳಿಕಾಯಿ ಬೀಜವನ್ನೋ ಎರಡು ಮೂರು ಕೆಜಿ ತುಂಬಿಸಿಕೊಳ್ಳಿ. ಪೂರ್ತಿ ಬಿರಿಯುವಂತೆ ತುಂಬಿದರೆ ಲೆನ್ಸ್ ಜಾರುತ್ತದೆ, ಮುಕ್ಕಾಲು ಸಾಕು.

ಬ್ಯಾಟರಿ ಎಲ್ಲ ಕೈಚೀಲದಲ್ಲೇ. ಪವರ್ ಬ್ಯಾಂಕ್ 100 ವಾಟ್-ಅವರ್ ಒಳಗಿರಬೇಕು: 20,000 ಎಂಎಎಚ್ ಅಂದರೆ 74, ಪರವಾಗಿಲ್ಲ. ಅಂಕಿ ಅಳಿಸಿಹೋಗಿದ್ದರೆ ಕಿತ್ತುಕೊಳ್ಳುತ್ತಾರೆ. ಪ್ಲಗ್ ಅಲ್ಲಿ ಬ್ರಿಟನ್ ಮಾದರಿ, ಮೂರು ಚಪ್ಪಟೆ ಕಡ್ಡಿ, 240 ವೋಲ್ಟ್. ಒಂದೇ ಅಡಾಪ್ಟರ್, ಅದಕ್ಕೆ ನಮ್ಮೂರಿನ ಎಕ್ಸ್‌ಟೆನ್ಷನ್ ಬೋರ್ಡ್ ಹಚ್ಚಿದರೆ ಆರು ಚಾರ್ಜರ್ ಕೂರುತ್ತವೆ. ಕೆಲವು ಕ್ಯಾಂಪುಗಳಲ್ಲಿ ಜನರೇಟರ್ ರಾತ್ರಿ ಹತ್ತಕ್ಕೇ ನಿಲ್ಲುತ್ತದೆ, ಸಮಯ ಕೇಳಿಟ್ಟುಕೊಳ್ಳಿ. ಡ್ರೋನ್ ಬೇಡವೇ ಬೇಡ. ಪರವಾನಗಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಹಿಡಿಯುತ್ತಾರೆ.

ಇನ್ನು ಜೀಪಿನೊಳಗಿನ ನಡವಳಿಕೆ. ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಹಿಂಡು ಮಾರಾ ನದಿ ದಾಟುವುದನ್ನು ನೋಡಲು ಎಲ್ಲರೂ ಹೋಗುತ್ತಾರೆ, ಅದು ಕೈಕೊಡುವುದೂ ಅಲ್ಲೇ. ಹಿಂಡು ದಂಡೆಗೆ ಬಂದು ಮೂಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ, ಹೀಗೆ ಮೂರು ಗಂಟೆ ಕಳೆಯಬಹುದು. ಒಂದು ಜೀಪು ಅವಸರಪಟ್ಟು ದಂಡೆಗೆ ನುಗ್ಗಿದರೆ ಮುಂದಿನ ಸಾಲು ಬೆಚ್ಚಿ ತಿರುಗುತ್ತದೆ, ಅವತ್ತಿನ ಕತೆ ಮುಗಿಯಿತು. ಒಳ್ಳೆಯ ಚಾಲಕ ದೂರದಲ್ಲಿ ಎಂಜಿನ್ ಆರಿಸಿ ಕೂರುತ್ತಾನೆ, ಮೊದಲ ಪ್ರಾಣಿಗಳು ನೀರಿಗೆ ಬಿದ್ದ ಮೇಲಷ್ಟೇ ಮುಂದೆ ಹೋಗುತ್ತಾನೆ. "ಇನ್ನೊಂಚೂರು ಹತ್ತಿರ, ಟಿಪ್ ಕೊಡ್ತೀವಿ" ಅಂತ ಅವನನ್ನು ಕೆಣಕಬೇಡಿ. ಸಿಂಹ, ಚಿರತೆ ಸಿಕ್ಕಲ್ಲಿ ಒಂದು ಸಲಕ್ಕೆ ಐದೇ ಗಾಡಿ, ಕಾಯುವವರಿದ್ದರೆ 10 ನಿಮಿಷ. ರಿಸರ್ವ್ ಒಳಗೆ ಗಾಡಿಯನ್ನು ದಾರಿ ಬಿಟ್ಟು ಇಳಿಸುವಂತಿಲ್ಲ. ನೆಲ ನಮ್ಮ ಗದಗ, ಧಾರವಾಡದ ಕಡೆಯ ಎರೆ ಮಣ್ಣಿನಂಥದ್ದೇ, ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಹೂತುಹೋಗುತ್ತದೆ.

ಗೇಟ್ ಶುಲ್ಕ 2024ರಿಂದ ಜುಲೈ-ಡಿಸೆಂಬರ್‌ನಲ್ಲಿ ವಿದೇಶಿಯರಿಗೆ ದಿನಕ್ಕೆ 200 ಡಾಲರ್. ಪ್ಯಾಕೇಜ್‌ನಲ್ಲಿ ಸೇರಿದೆಯೋ ಇಲ್ಲವೋ ಅಂತ ಬರವಣಿಗೆಯಲ್ಲಿ ಕೇಳಿ, ಮೂರು ದಿನಕ್ಕೆ ಲೆಕ್ಕ ಹಾಕಿದರೆ ಸಣ್ಣ ಮೊತ್ತವಲ್ಲ.

ಹಿರಿಯರು ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಮಯ ಬದಲಿಸಬಹುದೇ ಅಂತ ವೈದ್ಯರನ್ನು ಕೇಳಲಿ. ನಾಲ್ಕೈದು ಗಂಟೆ ಶೌಚಾಲಯ ಸಿಗದು, ಚಾಲಕ ಸುತ್ತ ನೋಡಿ ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ. ವಿಮೆಯಲ್ಲಿ ಏರ್ ಆಂಬುಲೆನ್ಸ್ ಸೇರಿರಲಿ.

ಮಾಸಾಯಿ ಜನರ ಫೋಟೋ ಕೇಳದೆ ತೆಗೆಯಬೇಡಿ. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ "ನವೇಜಾ ಕುಪಿಗಾ ಪಿಚಾ?" ಅಂದರೆ ಫೋಟೋ ತೆಗೆಯಲೇ ಅಂತ. ದುಡ್ಡು ಕೇಳಿದರೆ ತೆಗೆಯುವ ಮೊದಲೇ ಒಪ್ಪಂದವಾಗಲಿ. ಅವರ ಮಕ್ಕಳು ಬಂದು ತಲೆ ಬಾಗಿಸಿ ನಿಂತರೆ ಗಾಬರಿಯಾಗಬೇಡಿ, ಅದು ಹಿರಿಯರಿಗೆ ಮಾಡುವ ನಮಸ್ಕಾರ, ನೆತ್ತಿಯನ್ನು ಅಂಗೈಯಿಂದ ಮುಟ್ಟಿ. ಪೊಲೀಸ್, ಸೈನಿಕರು, ವಿಮಾನ ನಿಲ್ದಾಣದ ಫೋಟೋ ಬೇಡ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಎನ್ಡೆಂಗು ಅಂದರೆ ಹೆಸರುಕಾಳಿನ ಸಾರು, ಸುಕುಮಾ ವಿಕಿ ಸೊಪ್ಪಿನ ಪಲ್ಯ. ಉಗಾಲಿ ಮುದ್ದೆಯ ಬಂಧುವೇ, ಬಿಳಿ ಜೋಳದ್ದಲ್ಲ, ಬಿಳಿ ಮೆಕ್ಕೆಜೋಳದ್ದು, ಕೈಯಲ್ಲೇ ಮುರಿದು ಪಲ್ಯದ ಜೊತೆ ತಿನ್ನುತ್ತಾರೆ. ಬೆಳಗ್ಗೆ "ಉಜಿ ವಾ ವಿಂಬಿ" ಕೇಳಿ ನೋಡಿ, ಅದು ರಾಗಿ ಗಂಜಿ. ರಾಗಿಯ ತವರು ಪೂರ್ವ ಆಫ್ರಿಕಾವೇ ತಾನೆ. "ಸಿಲಿ ನ್ಯಾಮಾ" (ಮಾಂಸ ತಿನ್ನುವುದಿಲ್ಲ) ಅಂದರಷ್ಟೇ ಸಾಲದು, ಕೆಲವರು ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಕು (ಕೋಳಿ), ಸಮಾಕಿ (ಮೀನು), ಮಾಯಾಯಿ (ಮೊಟ್ಟೆ) ಅಂತ ಒಂದೊಂದಾಗಿ ಹೆಸರಿಸಿ ಬೇಡ ಅನ್ನಿ.

ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ನಮ್ಮ ಹಳೇ ಗಳಿಗೆ ಲೆಕ್ಕದ ಹಾಗೆ, ಸೂರ್ಯೋದಯದಿಂದ. "ಸಾ ಮೋಜಾ" ಅಂದರೆ ಪದಶಃ ಒಂದು ಗಂಟೆ, ಆದರೆ ಬೆಳಗ್ಗೆ 7. ಇಂಗ್ಲಿಷ್‌ನಲ್ಲಿ ಹೇಳಿದರೆ ಗೊಂದಲವಿಲ್ಲ, ಸ್ವಾಹಿಲಿಯಲ್ಲಿ ಹೇಳಿದರೆ 6 ಕೂಡಿಸಿ.

ಡಾಲರ್ ನೋಟು ಹೊಸದಿರಲಿ, ಹಳೇ ಸರಣಿಯದನ್ನು, ಹರಿದದ್ದನ್ನು, ಗೀಚಿದ್ದನ್ನು ಮುಟ್ಟುವುದಿಲ್ಲ. ಚಾಲಕನ ಟಿಪ್‌ಗೆ ದಿನಕ್ಕೆ ತಲೆಗೆ 10 ಡಾಲರ್ ಆಸುಪಾಸು ಬೇರೆ ಎತ್ತಿಡಿ.

ಕೊನೆಯದು, ಹೊರಡುವ ದಿನದ್ದು. ದುಬಾರಿ ಲೆನ್ಸ್, ಬಾಡಿಗಳ ಸೀರಿಯಲ್ ನಂಬರ್ ಬರೆದುಕೊಂಡು ಬೆಂಗಳೂರಿನಲ್ಲೇ ಕಸ್ಟಮ್ಸ್‌ನವರಿಗೆ ಸಾಮಾನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ಹೊರಗೆ ಕೊಂಡದ್ದಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮದೇ. ಚೆಕ್-ಇನ್‌ಗೆ ಮುಂಚೆ ಇದಕ್ಕೆಂದೇ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ, ಆರು ಜನರ ಪಟ್ಟಿಯನ್ನು ಮನೆಯಲ್ಲೇ ಟೈಪ್ ಮಾಡಿ ಎರಡೆರಡು ಪ್ರತಿ ತೆಗೆದುಕೊಂಡು ಹೋಗಿ.