ವಾಟ್ಸಾಪಲ್ಲಿ ಸಿಕ್ಕ ವಚನಕ್ಕೆ ಅಡಿಟಿಪ್ಪಣಿ ಹೇಗೆ ಹಾಕೋದು?

ಪ್ರಶ್ನೆ: ಸರ್, ನಾನು ಕನ್ನಡ ಎಂಎ ಎರಡನೇ ವರ್ಷ, ಬಸವಣ್ಣನವರ ವಚನಗಳಲ್ಲಿ ಕಾಯಕ ಅಂತ ಕಿರುಪ್ರಬಂಧ ಬರೀತಿದೀನಿ. ಮೂವತ್ತು ವಚನ ಇಟ್ಕೊಂಡಿದೀನಿ, ಅರ್ಧದಷ್ಟು ವಾಟ್ಸಾಪು ಫೇಸ್‌ಬುಕ್ಕಿಂದ ತಗೊಂಡಿದ್ದು. ಎಲ್ಲದರ ಕೆಳಗೂ 'ಬಸವಣ್ಣ' ಅಂತ ಬರೆದಿದೀನಿ, ಗೈಡ್ ನೋಡಿದ್ರೆ ಇದು ಸಾಲಲ್ಲ, ಆಕರ ಕೊಡು ಅಂತಾರೆ. ವಚನಕ್ಕೇನು ಕಾಪಿರೈಟ್ ಇದೆಯಾ ಸರ್? ಇನ್ನೊಂದು, ಹಳಕಟ್ಟಿಯವರ ಒಂದು ಮಾತು ಬೇರೆ ಯಾರದೋ ಪುಸ್ತಕದಲ್ಲಿ ಸಿಕ್ತು, ಅದಕ್ಕೆ ಯಾರ ಹೆಸರು ಹಾಕ್ಲಿ? ಕೃತಿಚೌರ್ಯ ಹಿಡಿಯೋ ಸಾಫ್ಟ್‌ವೇರಲ್ಲಿ ಎಷ್ಟು ಪರ್ಸೆಂಟ್ ಹೋಲಿಕೆ ಬಂದ್ರೆ ಸೇಫು?

ಉತ್ತರ: ನಿಮ್ಮ ಮೂವತ್ತು ವಚನದಲ್ಲಿ 'ಕಾಯಕವೇ ಕೈಲಾಸ' ಖಂಡಿತ ಇರತ್ತೆ ಅಂತ ನನ್ನ ಊಹೆ, ಈ ವಿಷಯದ ಮೇಲೆ ಅದಿಲ್ಲದ ಪ್ರಬಂಧ ನಾನಂತೂ ನೋಡಿಲ್ಲ. ಬಸ್ ಸ್ಟ್ಯಾಂಡಿಂದ ಹಿಡಿದು ಬ್ಯಾಂಕಿನ ಕ್ಯಾಲೆಂಡರ್‌ವರೆಗೂ ಅದರ ಕೆಳಗೆ ಬಸವಣ್ಣನವರ ಹೆಸರೇ ಇರತ್ತೆ. ಆದ್ರೆ ಆ ಮಾತು ಇರೋ ವಚನ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತ ಶುರುವಾಗಿ 'ಕಾಯಕವೆ ಕೈಲಾಸವಾದ ಕಾರಣ' ಅಂತ ಹೋಗಿ ಕೊನೆಗೆ ಅಮರೇಶ್ವರಲಿಂಗ ಅನ್ನೋ ಅಂಕಿತ (ವಚನಕಾರರ ಸಹಿ ಇದ್ದಂಗೆ) ಬರತ್ತೆ, ಬಸವಣ್ಣನವರ ಕೂಡಲಸಂಗಮದೇವ ಅಲ್ಲ. ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡ್ತಿದ್ದ ಮನುಷ್ಯ ಹೇಳಿದ ಮಾತು ಅಂದಾಗ ಅದರ ತೂಕವೇ ಬೇರೆ ಅಲ್ವಾ? ಕಲ್ಯಾಣದ ಮಂತ್ರಿ ಹೇಳಿದ್ದು ಅಂದ್ಕೊಂಡು ನೀವು ಬರೆದ ಪ್ಯಾರಾ ಹಾಗೇ ಉಳಿಯಲ್ಲ. ಗೈಡ್ ಕೇಳ್ತಿರೋದು ಬರೀ ಫಾರ್ಮಾಲಿಟಿಗೆ ಅಲ್ಲ ಅಂತ ಅದಕ್ಕೇ ಹೇಳಿದ್ದು.

ಹಾಗಂತ ಅಂಕಿತ ನೋಡಿ ನಿರ್ಧಾರ ಮಾಡಿಬಿಡ್ತೀನಿ ಅನ್ನೋದೂ ಪೂರ್ತಿ ಸರಿಯಲ್ಲ, ಯಾಕಂದ್ರೆ ಅಂಕಿತವನ್ನ ಯಾರು ಬೇಕಾದ್ರೂ ಕೊನೆಗೆ ಅಂಟಿಸಬಹುದು, ಸರ್ವಜ್ಞನ ಗತಿ ನೋಡಿ, ಮೂರು ಸಾಲು ಪ್ರಾಸ ಕೂಡಿಸೋಕೆ ಬಂದವರೆಲ್ಲ ಸರ್ವಜ್ಞ ಅಂತ ಸೇರಿಸಿ ಫಾರ್ವರ್ಡ್ ಮಾಡ್ತಾರೆ. ಉಲ್ಟಾನೂ ಆಗಿದೆ. ಬಸವಣ್ಣನವರ ಅಂಕಿತವನ್ನೇ 'ಲಿಂಗದೇವ' ಅಂತ ಬದಲಾಯಿಸಿ ಒಂದು ವಚನ ಸಂಕಲನ ಬಂದಿತ್ತು, ಅದನ್ನ ಸರ್ಕಾರ 1998ರಲ್ಲಿ ನಿಷೇಧಿಸ್ತು, 2017ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನ ಎತ್ತಿಹಿಡೀತು. ಅಂದ್ರೆ ಯಾವ ಆವೃತ್ತಿ ಅನ್ನೋದು ಕೋರ್ಟ್ ತನಕ ಹೋದ ವಿಷಯ, ನೀವು ಬರೀ 'ಬಸವಣ್ಣ' ಅಂತ ಬರೆದ್ರೆ ಓದೋನು ಎಲ್ಲಿ ಹುಡುಕಬೇಕು?

ಸರ್ಕಾರ ತಂದಿರೋ ಸಮಗ್ರ ವಚನ ಸಂಪುಟಗಳು ಹದಿನೈದಿವೆ, ಲೈಬ್ರರಿಯಲ್ಲಿ ಇದ್ದೇ ಇರತ್ತೆ. ಮೊದಲನೇ ಸಂಪುಟ ಪೂರ್ತಿ ಬಸವಣ್ಣನವರದು, ಸಂಪಾದಕರು ಎಂ.ಎಂ. ಕಲಬುರ್ಗಿ. ಅಲ್ಲಿ ಒಂದೊಂದು ವಚನಕ್ಕೂ ನಂಬರ್ ಇದೆ. ಸಂಪಾದಕರ ಹೆಸರು, ಸಂಪುಟ, ಪ್ರಕಟವಾದ ವರ್ಷ, ವಚನದ ನಂಬರ್, ಇಷ್ಟು ಹಾಕಿ ಸಾಕು. ವರ್ಷ ಬಿಡಬೇಡಿ, ಬೇರೆಯವರ ಸಂಪಾದನೆಯಲ್ಲಿ ಅದೇ ವಚನಕ್ಕೆ ಬೇರೆ ನಂಬರ್ ಇರತ್ತೆ, ಒಂದೆರಡು ಪದ ಕೂಡ ಆಚೀಚೆ ಆಗಿರತ್ತೆ. ಸಂಪುಟದಲ್ಲಿ ಎಲ್ಲೂ ಸಿಗದ ವಚನ ಇದ್ರೆ ಪ್ರಬಂಧದಿಂದ ತೆಗೆದುಬಿಡಿ, ಎಷ್ಟೇ ಚೆನ್ನಾಗಿರ್ಲಿ.

ಕಾಪಿರೈಟ್ ಬಗ್ಗೆ: ಹನ್ನೆರಡನೇ ಶತಮಾನದ ವಚನಕ್ಕೆ ಇಲ್ಲ, ನಿಜ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಮೊದಲಿಂದ 60 ವರ್ಷ ಲೆಕ್ಕ. ಫ.ಗು. ಹಳಕಟ್ಟಿಯವರು ಹೋಗಿದ್ದು 1964ರಲ್ಲಿ, ಹಾಗಾಗಿ ಅವರ ಬರಹದ ಹಕ್ಕು 2024ರ ಕೊನೆಗೆ ಮುಗೀತು. ಈಗ ಯಾರು ಬೇಕಾದ್ರೂ ಅಚ್ಚು ಹಾಕಿಸಬಹುದು. ಆದ್ರೆ ಊರೂರು ತಿರುಗಿ ತಾಳೆಗರಿ ಒಟ್ಟುಮಾಡಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದವರ ಹೆಸರು ಬಿಡೋಕೆ ಯಾವ ಕಾನೂನೂ ನಿಮಗೆ ಪರ್ಮಿಷನ್ ಕೊಡಲ್ಲ. ಹಕ್ಕು ಬೇರೆ, ಋಣ ಬೇರೆ. ನಮ್ಮೋರು ಪುಸ್ತಕದ ಕೊನೆಯ ಪಟ್ಟಿಗೆ 'ಗ್ರಂಥಋಣ' ಅಂತ ಸುಮ್ನೆ ಹೆಸರಿಟ್ಟಿದ್ದಲ್ಲ. ಕವಿರಾಜಮಾರ್ಗದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಅಂತ ಹಿಂದಿನ ಗದ್ಯ ಬರೆದವರ ಹೆಸರು ಬರತ್ತಲ್ಲ, ಅವರು ಕನ್ನಡದಲ್ಲಿ ಬರೆದ ಒಂದು ಪುಸ್ತಕವೂ ನಮ್ಮ ಕೈಗೆ ಬಂದಿಲ್ಲ, ಅಂಥವರು ಕನ್ನಡದಲ್ಲಿ ಬರೆದಿದ್ರು ಅಂತ ಗೊತ್ತಾಗಿದ್ದು ಕವಿರಾಜಮಾರ್ಗ ಬರೆದ ಪುಣ್ಯಾತ್ಮ ಹೆಸರು ಹೇಳಿದ್ದಕ್ಕೆ.

ಹಳಕಟ್ಟಿಯವರ ಮಾತಿಗೆ ಬಂದ್ರೆ, ನೀವು ಕಣ್ಣಾರೆ ನೋಡಿದ ಪುಸ್ತಕ ಯಾವುದೋ ಅದನ್ನೇ ಹೇಳಿ. 'ಹಳಕಟ್ಟಿ, ಉಲ್ಲೇಖ: ಇಂಥವರು, ಇಂಥ ಪುಸ್ತಕ, ಇಂಥ ಪುಟ'. ನಾನು ಪಿಎಚ್‌ಡಿ ಮಾಡುವಾಗ ಹೀಗೇ ಇನ್ನೊಬ್ಬರ ಅಡಿಟಿಪ್ಪಣಿಯನ್ನ ಎತ್ತಿ ಮೂಲವನ್ನೇ ಓದಿದವನ ಥರ ಹಾಕಿದ್ದೆ, ಅವರ ಪುಸ್ತಕದಲ್ಲಿ ಪುಟಸಂಖ್ಯೆ ತಪ್ಪಾಗಿ ಅಚ್ಚಾಗಿತ್ತು, ವೈವಾದಲ್ಲಿ ಪರೀಕ್ಷಕರು ಮೂಲ ಪುಸ್ತಕ ಬ್ಯಾಗಿಂದ ತೆಗೆದು ಆ ಪುಟ ಓದಿ ಅಂದ್ರು. ಅಲ್ಲಿದ್ದಿದ್ದು ಶುದ್ಧಿಪತ್ರ. ಮೂವತ್ತು ವರ್ಷ ಆಯ್ತು, ಈಗಲೂ ನೆನೆಸ್ಕೊಂಡ್ರೆ ಕಿವಿ ಬಿಸಿ ಆಗತ್ತೆ.

ಪರ್ಸೆಂಟ್ ಲೆಕ್ಕ ಯುಜಿಸಿಯ 2018ರ ನಿಯಮದಲ್ಲಿದೆ: ಶೇ 10ರವರೆಗೆ ದಂಡ ಇಲ್ಲ, 10ರಿಂದ 40 ಅಂದ್ರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದ್ರೆ ಒಂದು ವರ್ಷ ತಿದ್ದಿದ್ದನ್ನೂ ಕೊಡೋ ಹಾಗಿಲ್ಲ, 60 ದಾಟಿದ್ರೆ ನೋಂದಣಿನೇ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬರಲ್ಲ, ಹಾಗಾಗಿ ವಚನಗಳ ಬಗ್ಗೆ ಭಯ ಬೇಡ. ನನಗೆ ಭಯ ಇರೋದು ಸಾಫ್ಟ್‌ವೇರ್ ಹಿಡಿಯದ ಕಳ್ಳತನದ ಬಗ್ಗೆ. ಇಂಗ್ಲಿಷ್ ಲೇಖನ ತಗೊಂಡು ಸಾಲಿಗೆ ಸಾಲು ಕನ್ನಡ ಮಾಡಿ ತಮ್ಮದೇ ಅಂತ ಇಡೋದು ನಮ್ಮ ವಿಭಾಗಗಳಲ್ಲಿ ಮಾಮೂಲಿ ಆಗೋಗಿದೆ, ಸೊನ್ನೆ ಪರ್ಸೆಂಟ್ ಬರತ್ತೆ, ಸರ್ಟಿಫಿಕೇಟೂ ಸಿಗತ್ತೆ. ವಿಚಾರ ಯಾರದೋ ಅವರ ಹೆಸರು ಬರಲೇಬೇಕು, ಭಾಷೆ ಬದಲಾದ್ರೂ.

ಸದ್ಯಕ್ಕೆ ವಾಟ್ಸಾಪಿನ ಹದಿನೈದು ವಚನ ಒಂದು ಹಾಳೆಯಲ್ಲಿ ಬರ್ಕೊಂಡು ಲೈಬ್ರರಿಗೆ ಹೋಗಿ, ಸಂಪುಟದ ಹಿಂದೆ ಮೊದಲ ಸಾಲಿನ ಅಕಾರಾದಿ ಇದ್ರೆ ಮಧ್ಯಾಹ್ನದೊಳಗೆ ಮುಗಿಯತ್ತೆ. ಮಾರಯ್ಯನ ಹೆಂಡತಿ ಲಕ್ಕಮ್ಮನ ವಚನಗಳನ್ನೂ ಹಾಗೇ ತೆಗೆದು ನೋಡಿ, ಕಾಯಕದ ಬಗ್ಗೆ ಗಂಡನನ್ನೇ ತರಾಟೆಗೆ ತಗೊಂಡಿದಾಳೆ, ಪ್ರಬಂಧದ ಟೈಟಲ್ಲೇ ಬದಲಾಯಿಸಬೇಕು ಅನ್ನಿಸಿದ್ರೂ ಅನ್ನಿಸಬಹುದು.